ಅಭಾವಪ್ರಕರಣ: ಜಾವಾ-ಯೆಜ್ಡಿ ವಾಹನಗಳ ತತ್ತ್ವವಿಚಾರ

ಪದಾರ್ಥಗಳು ಆರೇ ಎಂದು ಪ್ರಾಚೀನ ವೈಶೇಷಿಕರು ಎಣಿಸಿದ್ದರು. ದ್ರವ್ಯ, ಗುಣ, ಕರ್ಮ, ಸಾಮಾನ್ಯ, ವಿಶೇಷ, ಸಮವಾಯ ಎಂಬ ಈ ಆರರಲ್ಲಿ ಜಗತ್ತೆಲ್ಲವೂ ಅಡಗಿತೆಂದು ತೃಪ್ತರಾಗಿ ಅವರು ಓಲೆಗಳನ್ನು ಕಟ್ಟಿಟ್ಟ ಬಹುಕಾಲದ ಮೇಲೆ, 'ಇಲ್ಲ' ಎಂಬುದೂ ಒಂದು ಪದಾರ್ಥವೇ ಸರಿ ಎಂದು ಮನಗಂಡ ವಿದ್ವಾಂಸರು ಅಭಾವವನ್ನು ಏಳನೆಯದಾಗಿ ಸೇರಿಸಿದರು. ಯಾವ ಅನುಭವದ ಬಲದಿಂದ ಸೇರಿಸಿದರೆಂಬುದನ್ನು ಗ್ರಂಥಗಳು ಹೇಳುವುದಿಲ್ಲ. ಆದರೆ ಮೂವತ್ತು ವರ್ಷ ತರ್ಕದ ಪಾಠ ಹೇಳಿ, ನಿವೃತ್ತನಾದ ಮೇಲೆ 1969ರ ಜಾವಾ ಮೋಟಾರ್‌ಸೈಕಲ್ಲೊಂದನ್ನು ಹನ್ನೊಂದು ವರ್ಷಗಳಿಂದ ಸಾಕಿಕೊಂಡು ಬಂದಿರುವ ಈ ಲೇಖಕನಿಗೆ, ಆ ಪುಣ್ಯಾತ್ಮರಲ್ಲಿ ಒಬ್ಬರಾದರೂ ಸ್ಪೇರ್ ಪಾರ್ಟ್ಸ್ ಅಂಗಡಿಯ ಮೆಟ್ಟಿಲ ಮೇಲೆ ಒಂದು ಮಧ್ಯಾಹ್ನ ಕುಳಿತೆದ್ದವರಾಗಿರಬೇಕೆಂಬುದರಲ್ಲಿ ಲೇಶವೂ ಸಂದೇಹವಿಲ್ಲ.

ಮೊದಲು ನಾಮವಿಚಾರ. ಸಂಸ್ಕೃತದಲ್ಲಿ ಜವವೆಂದರೆ ವೇಗ. ಕನ್ನಡದಲ್ಲಿ ಜವನೆಂದರೆ ಯಮ. ಆದಕಾರಣ ಜಾವಾ ಶಬ್ದಕ್ಕೆ ವೇಗಪಕ್ಷವೆಂದೂ ಯಮಪಕ್ಷವೆಂದೂ ಎರಡು ವ್ಯುತ್ಪತ್ತಿಗಳು ಸಂಭವಿಸುತ್ತವೆ. ಮೊದಲನೆಯದನ್ನು ಗಾಡಿ ಮಾರುವವರೂ ಎರಡನೆಯದನ್ನು ಕೊಂಡವನ ಮನೆಯವರೂ ಎತ್ತಿಹಿಡಿಯುವುದುಂಟು. ವಾಸ್ತವವಾಗಿ, 1929ರಲ್ಲಿ ಪ್ರಾಗ್ ನಗರದ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತನು ಜರ್ಮನಿಯ ವಾಂಡರರ್ ಸಂಸ್ಥೆಯ ಮೋಟಾರ್‌ಸೈಕಲ್ ವಿಭಾಗವನ್ನು ಕೊಂಡು, ತನ್ನ ಹೆಸರಿನ ಮೊದಲೆರಡು ಅಕ್ಷರಗಳಿಗೆ ಅದರ ಮೊದಲೆರಡು ಅಕ್ಷರಗಳನ್ನು ಅಂಟಿಸಿದನು; ಇದು ಸತ್ಯ, ಆದರೆ ನೀರಸ. 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬರಲಾರಂಭಿಸಿದ ಈ ವಾಹನ 1973ರಿಂದ ಯೆಜ್ಡಿ ಎಂಬ ನಾಮಾಂತರವನ್ನು ತಳೆಯಿತು. ಇರಾನಿನ ಯಜ್ದ್ ಪಟ್ಟಣದಿಂದ ಈ ಹೆಸರು ಬಂದಿತೆಂಬುದು ಪ್ರಸಿದ್ಧ ಮತ. ಚೆಕ್ ಭಾಷೆಯಲ್ಲಿಯೂ ಅಂಥದೇ ಒಂದು ಕ್ರಿಯಾಪದವಿದ್ದು, ಅದಕ್ಕೆ 'ವಾಹನವೇರಿ ಓಡಾಡುತ್ತಿರುತ್ತಾನೆ' ಎಂಬ ನಿತ್ಯವರ್ತಮಾನದ ಅರ್ಥವುಂಟು. ಆ ವ್ಯಾಕರಣವನ್ನು ಬರೆದವರ ಮನೆಯಲ್ಲಿ ಈ ಗಾಡಿಯಿರಲಿಲ್ಲವೆಂದು ಊಹಿಸಬಹುದಾಗಿದೆ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಭಾವಶಾಸ್ತ್ರದ ಶಕಾರಂಭ ಅದೇ ವರ್ಷ.

ಇನ್ನು ಲಕ್ಷಣ. 'ಓಡುವ ದ್ವಿಚಕ್ರವಾಹನ' ಎಂದರೆ ಅವ್ಯಾಪ್ತಿದೋಷ ತಗಲುವುದು ಸ್ಪಷ್ಟ. 'ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರುಳ್ಳದ್ದು, ಮೊಳೆಯಂಥ ಕೀಲಿಕೈಯುಳ್ಳದ್ದು, ಗೇರ್ ಹಾಕುವ ಸನ್ನೆಯನ್ನೇ ಒಳಕ್ಕೊತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್ ಆಗುವಂಥದ್ದು' ಎಂಬುದು ನಿರ್ದುಷ್ಟವಾದ ಲಕ್ಷಣ. ಕೀಲಿಕೈ ಮೊಳೆಯಂತಿದ್ದರೂ ಕಳವಿನ ಭಯವಿಲ್ಲ. ಕದಿಯಬೇಕಾದರೆ ಮೊದಲು ಸ್ಟಾರ್ಟ್ ಆಗಬೇಕಷ್ಟೆ. ಗೇರಿನ ಸನ್ನೆಯನ್ನು ಮೆಟ್ಟಿದಾಗ ಕ್ಲಚ್ ತಾನಾಗಿಯೇ ಬಿಡುವ ಏರ್ಪಾಡೂ ಇದರಲ್ಲಿರುವುದರಿಂದ, ಕ್ಲಚ್ ವೈರ್ ದಾರಿಯಲ್ಲಿ ತುಂಡಾದರೂ ಮನೆ ಸೇರಬಹುದು. ಚೆಕ್ ಶಿಲ್ಪಿಗಳ ದೂರದೃಷ್ಟಿ ಅಂಥದು, ಅವರು ತಮ್ಮ ಗಾಡಿಯನ್ನು ಬಲ್ಲವರಾಗಿದ್ದರು.

ಕರ್ಮಪದಾರ್ಥದಲ್ಲಿ ಈ ವಾಹನಕ್ಕೇ ವಿಶಿಷ್ಟವೆನ್ನಬಹುದಾದುದು ಪ್ರತಿಗಮನ. ಎರಡು ಸ್ಟ್ರೋಕಿನ ಈ ಇಂಜಿನ್ನಿನಲ್ಲಿ ವಾಲ್ವುಗಳಿಲ್ಲ. ಸಿಲಿಂಡರಿನ ಗೋಡೆಯ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುವುದರಿಂದ, ಕ್ರ್ಯಾಂಕು ಎಡಕ್ಕೆ ತಿರುಗಿತೋ ಬಲಕ್ಕೆ ತಿರುಗಿತೋ ಎಂಬ ಭೇದ ಆ ಕಿಂಡಿಗಳಿಗೆ ತಿಳಿಯದು. ಪಾಯಿಂಟು ತುಸು ಸರಿದಿದ್ದು, ಕಿಕ್ಕೂ ಅರೆಮನಸ್ಸಿನದಾದರೆ, ಪಿಸ್ಟನ್ ಮೇಲಿನ ತುದಿ ಮುಟ್ಟುವ ಮುನ್ನವೇ ಕಿಡಿ ಅದನ್ನು ಬಂದ ದಾರಿಗೇ ಅಟ್ಟಿ, ಇಂಜಿನ್ ಸಲೀಸಾಗಿ ಹಿಮ್ಮುಖವಾಗಿ ತಿರುಗತೊಡಗುತ್ತದೆ. ಕಿವಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಒಂದು ಶುಕ್ರವಾರ ಬೆಳಿಗ್ಗೆ ಈ ಲೇಖಕನು ಹೆಲ್ಮೆಟ್ ಧರಿಸಿ, ಜೋಲಿಗೆ ಹೆಗಲಿಗೇರಿಸಿ, ಬಾಗಿಲಲ್ಲಿ ನಿಂತಿದ್ದ ಮನೆಯಾಕೆಗೆ 'ಬರ್ತೀನಿ' ಎಂದು ಗಂಭೀರವಾಗಿ ಹೇಳಿ ಮೊದಲನೆಯ ಗೇರ್ ಹಾಕಲು, ಗಾಡಿ ಗೇಟಿನ ಕಡೆಗೆ ಹೊರಡುವ ಬದಲು ಹಿಂದಕ್ಕೆ ಹೊರಟು, ಆಗತಾನೆ ರಂಗೋಲಿ ಬಿದ್ದಿದ್ದ ತುಳಸಿಕಟ್ಟೆಗೆ ಹಿಂಬದಿಯ ಮಡ್‌ಗಾರ್ಡನ್ನು ಒರಗಿಸಿ ನಿಂತಿತು. 'ಇಷ್ಟು ಬೇಗ ಬಂದ್ಬಿಟ್ರಾ?' ಎಂದರು ಆಕೆ. ಈ ಪ್ರಶ್ನೆಗೆ ಯಾವ ದರ್ಶನದಲ್ಲಿಯೂ ಸಮಾಧಾನವಿಲ್ಲ.

ಹೊಗೆಯ ವಿಷಯದಲ್ಲಿ ನೈಯಾಯಿಕರಿಗೆ ಒದಗುವ ಸಂಕಟ ಇದಕ್ಕಿಂತ ದೊಡ್ಡದು. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯಲ್ಲಿರುವಂತೆ ಎಂಬ ವ್ಯಾಪ್ತಿಯ ಮೇಲೆ ಶತಮಾನಗಳ ತರ್ಕಶಾಸ್ತ್ರ ನಿಂತಿದೆ. ಅದನ್ನು ತಿರುಗಿಸಿ, ಎಲ್ಲಿ ಬೆಂಕಿಯೋ ಅಲ್ಲಿ ಹೊಗೆ ಎನ್ನಲಾಗದು, ಅದಕ್ಕೆ ಹಸಿ ಸೌದೆಯ ಸಂಯೋಗವೆಂಬ ಉಪಾಧಿಯುಂಟು ಎಂದೂ ಅವರು ಎಚ್ಚರಿಸಿದ್ದರು. ಹಸಿ ಪ್ಲಗ್ಗನ್ನು ಮಾತ್ರ ಅವರು ಕಂಡಿರಲಿಲ್ಲ. ಲೀಟರ್ ಪೆಟ್ರೋಲಿಗೆ 40 ಮಿಲಿ ಎಣ್ಣೆ ಬೆರೆಸಬೇಕೆಂಬುದು ವಿಧಿ; ಪಂಪಿನ ಹುಡುಗ ಕೈ ಧಾರಾಳ ಮಾಡಿದನೆಂದರೆ, ಎರಡು ಕೊಳವೆಗಳಿಂದಲೂ ಯಜ್ಞಶಾಲೆಯಂತೆ ಹೊಗೆಯೆದ್ದು ಬೀದಿಯ ನಾಯಿಗಳೆಲ್ಲ ಕೆಮ್ಮುತ್ತ ಚದುರಿದ ಮೇಲೆ, ಇಂಜಿನ್ ಕೆಟ್ಟು ನಿಂತು, ಒಳಗೆ ಬೆಂಕಿಯ ಲವಲೇಶವೂ ಇಲ್ಲದೆ, ಹೊಗೆ ಮಾತ್ರ ತೇಲುತ್ತಿರುತ್ತದೆ. ಆಗ ಪ್ಲಗ್ ಬಿಚ್ಚಿ, ಒರೆಸಿ, ಇಕ್ಕಳದಲ್ಲಿ ಹಿಡಿದು ಗ್ಯಾಸ್ ಒಲೆಯ ಮೇಲೆ ಸುಡಬೇಕು. ಹೊಗೆಯೂ ಬೆಂಕಿಯೂ ಒಂದೆಡೆ ಕೂಡುವುದು ಆವಾಗಲೇ, ಅದೂ ಅಡುಗೆಮನೆಯಲ್ಲಿಯೇ. ಹೀಗೆ ಶಾಸ್ತ್ರದ ಮಾನ ಉಳಿಯುತ್ತದೆ, ಹಾಲಿನ ಪಾತ್ರೆ ಕೆಳಗಿಳಿಯುತ್ತದೆ.

ಪ್ರಕೃತಕ್ಕೆ ಬರೋಣ. ಅಭಾವ ನಾಲ್ಕು ವಿಧವೆಂಬುದು ಶಾಸ್ತ್ರಸಮ್ಮತ. ಅನಾದಿಯಾಗಿದ್ದೂ ಅಂತ್ಯವುಳ್ಳದ್ದು ಪ್ರಾಗಭಾವ. ಲೇತ್ ಅಂಗಡಿಯವನು ಇನ್ನೂ ಮಾಡಿಕೊಡದ ಬುಷ್ ಇದಕ್ಕೆ ಉದಾಹರಣೆ. ಅದು ಬುಧವಾರ ಆಗುತ್ತದೆ. ಯಾವ ಬುಧವಾರವೆಂದು ಕೇಳುವವನು ಅನಧಿಕಾರಿ. ಆದಿಯುಳ್ಳದ್ದಾಗಿ ಅಂತ್ಯವಿಲ್ಲದ್ದು ಪ್ರಧ್ವಂಸಾಭಾವ. ಪಿಸ್ಟನ್ ರಿಂಗನ್ನು ಬೆರಳಿನಿಂದ ಬಿಡಿಸುತ್ತಿದ್ದ ಮೇಸ್ತ್ರಿ 'ಅಯ್ಯೋ' ಎಂದ ಕ್ಷಣದಲ್ಲಿ ಅದು ಹುಟ್ಟುತ್ತದೆ. ವಾಯುವಿನಲ್ಲಿ ರೂಪವಿಲ್ಲದಂತೆ ಮೂರು ಕಾಲಕ್ಕೂ ಇಲ್ಲದಿರುವುದು ಅತ್ಯಂತಾಭಾವ. ಇಂಜಿನ್ ಮೆಲ್ಲಗೆ ತಿರುಗುತ್ತಿರುವಾಗ 6 ವೋಲ್ಟಿನ ದೀಪದಲ್ಲಿ ಬೆಳಕು ಹೀಗೆ. ಇವುಗಳ ಮೇಲೆ ಹೆಚ್ಚು ಹೇಳಬೇಕಾದುದಿಲ್ಲ. ಆದರೆ ನಾಲ್ಕನೆಯದಾದ ಅನ್ಯೋನ್ಯಾಭಾವವನ್ನು, ಅಂದರೆ ಘಟವು ಪಟವಲ್ಲ, ಪಟವು ಘಟವಲ್ಲ ಎಂಬುದನ್ನು, ಲೇಖಕನು ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಅಂಗಡಿಯಲ್ಲಿ ಸ್ವಾನುಭವದಿಂದ ಅರಿತನು. ಕೇಳಿದ್ದು ಜಾವಾದ ಕಾರ್ಬರೇಟರಿನ ಫ್ಲೋಟ್. ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೊಟ್ಟಿದ್ದು ಯೆಜ್ಡಿ ರೋಡ್‌ಕಿಂಗಿನದು. ಇದು ಅದಲ್ಲವಲ್ಲ ಎಂದು ಪ್ರತ್ಯಕ್ಷಪ್ರಮಾಣವನ್ನು ಮುಂದಿಟ್ಟಾಗ, ಅಂಗಡಿಯಾತನು ಕನ್ನಡಕ ಹಣೆಗೇರಿಸಿ, 'ಆಗುತ್ತೆ ಸಾರ್, ಸ್ವಲ್ಪ ಉಜ್ಜಿದ್ರೆ' ಎಂದನು. ಭೇದವೆಲ್ಲವೂ ಮಿಥ್ಯೆಯೆಂಬುದನ್ನು ಅದ್ವೈತಿಗಳು ಎಷ್ಟೋ ವಾದಗ್ರಂಥಗಳಲ್ಲಿ ಸಾಧಿಸಿದ್ದಾರೆ. ಅರವೊಂದರಿಂದ ಸಾಧಿಸಬಹುದೆಂದು ಅವರಿಗೆ ಹೊಳೆದಿರಲಿಲ್ಲ. ಉಜ್ಜಿದ್ದಾಯಿತು. ಆಗಲಿಲ್ಲ. ಕಾರ್ಬರೇಟರ್ ಈಗಲೂ ಸೋರುತ್ತದೆ.

ಇಷ್ಟೆಲ್ಲ ಬದಲಿಸಿದ ಮೇಲೆ ಗಾಡಿ ಅದೇ ಗಾಡಿಯೇ ಎಂಬ ಪ್ರಶ್ನೆಯನ್ನು ಬೌದ್ಧಭಿಕ್ಷು ನಾಗಸೇನನು ಮಿಲಿಂದರಾಜನ ರಥವನ್ನು ಮುಂದಿಟ್ಟುಕೊಂಡು ಹಿಂದೆಯೇ ವಿಚಾರಿಸಿ, ಅಚ್ಚೂ ರಥವಲ್ಲ, ಗಾಲಿಯೂ ರಥವಲ್ಲ, ರಥವೆಂಬುದು ಬರಿಯ ವ್ಯವಹಾರನಾಮವೆಂದು ನಿರ್ಣಯಿಸಿದನು. ನೋಂದಣಿಯನ್ನು ನವೀಕರಿಸಲು ಹೋದ ಕಚೇರಿಯಲ್ಲಿ ಈ ನಿರ್ಣಯಕ್ಕೆ ಮನ್ನಣೆ ದೊರೆಯಲಿಲ್ಲ. ಅಲ್ಲಿನ ಅಧಿಕಾರಿಗಳು ಚಾಸಿಸ್ ನಂಬರೇ ಆತ್ಮವೆನ್ನುವ ಪಕ್ಷದವರು. ಮಿಕ್ಕದ್ದು ಜೀರ್ಣವಸ್ತ್ರಕ್ಕೆ ಸಮಾನ. ನಂಬರಿನ ಮೇಲೆ ನಾಲ್ಕು ಪದರ ಬಣ್ಣ ಕುಳಿತಿದ್ದುದರಿಂದ, ಆತ್ಮಸಾಕ್ಷಾತ್ಕಾರಕ್ಕೆ ಉಪ್ಪುಕಾಗದವನ್ನು ಹಿಡಿದು ಅರ್ಧ ದಿನ ನೆಲದ ಮೇಲೆ ಕೂರಬೇಕಾಯಿತು.

ಇಲ್ಲಿ ಪೂರ್ವಪಕ್ಷ: '2018ರಲ್ಲಿ ಜಾವಾ ಹೆಸರು ಮರಳಿ ಹುಟ್ಟಿ, 293 ಸಿಸಿಯ ನಾಲ್ಕು ಸ್ಟ್ರೋಕಿನ ಹೊಸ ವಾಹನ ಬಂದಿರುವಾಗ, ಅದಕ್ಕೂ ಎರಡು ಸೈಲೆನ್ಸರುಗಳಿರುವಾಗ, ಗುಂಡಿಯೊತ್ತಿದರೆ ಸ್ಟಾರ್ಟ್ ಆಗುವಾಗ, ಈ ಕ್ಲೇಶವೇಕೆ?' ಎಂದರೆ, ಅದು ಸಲ್ಲದು. ಅಭಾವವಿಲ್ಲದ ವಸ್ತುವಿನ ವಿಷಯದಲ್ಲಿ ಇಂಥ ಪ್ರಬಂಧವನ್ನು ಬರೆಯುವುದೆಂತು?

ಈ ದರ್ಶನದಲ್ಲಿ ಆಪ್ತವಾಕ್ಯವೆಂದರೆ ಮೇಸ್ತ್ರಿಯ ಮಾತು. ಮೇಷ್ಟ್ರು ಎಂಬುದೂ ಮೇಸ್ತ್ರಿ ಎಂಬುದೂ ಬೇರೆ ಬೇರೆ ಹಡಗಿನಲ್ಲಿ ನಮ್ಮ ದೇಶಕ್ಕೆ ಬಂದಿಳಿದ ಒಂದೇ ಲ್ಯಾಟಿನ್ ಧಾತುವಿನ ಮಕ್ಕಳು. ಆದರೂ ನಮ್ಮಿಬ್ಬರಲ್ಲಿ ಸರ್ವಜ್ಞತ್ವ ಅವರಿಗೇ ಒಲಿದಿದೆ. ಪಾಯಿಂಟಿನ ಅಂತರ 0.4 ಮಿ.ಮೀ. ಇರಬೇಕೆಂದು ನಾನು ಪುಸ್ತಕ ನೋಡಿ ಹೇಳಿದರೆ, ಅವರು ಅರಿಸಿನ ಹಚ್ಚಿದ ಲಗ್ನಪತ್ರಿಕೆಯೊಂದರ ಮೂಲೆ ಹರಿದು ಸಂದಿಗೆ ತೂರಿಸಿ, ಎಳೆದು ನೋಡಿ, 'ಸರಿಯಿದೆ' ಎನ್ನುತ್ತಾರೆ. ಸರಿಯಿರುತ್ತದೆ. ಹೋದ ತಿಂಗಳು ಇಂಜಿನ್ ಇಳಿಸಿ, ಬೋರ್ ಹೊಡೆಸಿ, ಆಯಿಲ್ ಸೀಲ್ ಹಾಕಿ, ಮೂರು ವಾರಗಳ ಮೇಲೆ ಎಲ್ಲವನ್ನೂ ಮತ್ತೆ ಜೋಡಿಸಿದರು. ಎರಡನೆಯ ಕಿಕ್ಕಿಗೆ ಗಾಡಿ ಹೊತ್ತಿಕೊಂಡು, ಮುಮ್ಮುಖವಾಗಿಯೇ ಹೊರಟು, ಲಲಿತಮಹಲಿನವರೆಗೂ ಹೋಗಿ ಬಂದಿತು.

ಈ ಪ್ರಕರಣವನ್ನು ಇಲ್ಲಿಗೆ ತಂದು, ಅಭಾವವೇ ಈ ವಾಹನದ ಪ್ರಧಾನಪದಾರ್ಥವೆಂಬ ಸಿದ್ಧಾಂತವನ್ನು ಬರೆಯಲು ಲೇಖನಿಯನ್ನು ಎತ್ತಿದ್ದೆ. ಅಷ್ಟರಲ್ಲಿ ಮೇಸ್ತ್ರಿಗಳೇ ಬಾಗಿಲಲ್ಲಿ ಬಂದು ನಿಂತು, ಗ್ರೀಸ್ ಮೆತ್ತಿದ ಅಂಗೈಯನ್ನು ಚಾಚಿದರು. ಅದರ ನಡುವೆ ಕಾಲಾಣೆಯಷ್ಟಗಲದ ಒಂದು ಹಿತ್ತಾಳೆಯ ವಾಷರ್.

'ಇದು ಮಿಕ್ಕಿದೆ, ಮೇಷ್ಟ್ರೇ.'

'ಮಿಕ್ಕಿದೆಯೇ? ಎಲ್ಲಿಯದು ಮೇಸ್ತ್ರಿಗಳೇ ಇದು?'

'ನಿಮ್ಮ ಗಾಡೀದೇ. ಎಲ್ಲೀದು ಅಂತ ಗೊತ್ತಾಗ್ತಿಲ್ಲ.' ಸ್ವಲ್ಪ ಹೊತ್ತು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಮೇಜಿನ ಮೇಲೆ ಹಸ್ತಪ್ರತಿಯ ಪಕ್ಕದಲ್ಲಿಟ್ಟರು. 'ಜೋಪಾನವಾಗಿ ಇಟ್ಕೊಳ್ಳಿ. ಈಗ ಇದು ಎಲ್ಲೂ ಸಿಗೋದಿಲ್ಲ.'