ಚೌಕಾಸಿಗೆ ಸಿಗದ ಆನೆ
ಕಾಸು ಹಾಕಿ ಹಿಡಿ ತಿರುಗಿಸಿದರೆ ಆಟಿಕೆಯಿರುವ ಉರುಟು ಡಬ್ಬಿ ಉದುರಿಸುವ ಯಂತ್ರಗಳು ಜಪಾನಿನಲ್ಲಿ 1965ರಿಂದ ಇವೆ. ಒಳಗಿರುವುದು ಬೆಕ್ಕೋ ಕಪ್ಪೆಯೋ, ತೆಗೆಯುವವರೆಗೆ ದೇವರಿಗೇ ಗೊತ್ತು. ಚಿಕ್ಕಮಧುರೆ ಕಡೆ ಅವು ನಡೆಯಲಾರವು ಅಂತ ನನ್ನ ವಾದ. ಶನಿವಾರ ಅಲ್ಲಿನ ಶನಿಮಹಾತ್ಮನ ಗುಡಿಗೆ ಬರುವ ನಮ್ಮ ಜನ ಆಟಿಕೆ ಅಂಗಡಿಯಲ್ಲಿ ಪ್ಲಾಸ್ಟಿಕ್ ಆನೆಯ ಸೊಂಡಿಲು ಎಳೆದು, ಹೊಟ್ಟೆ ಅಮುಕಿ, ಪೀಂ ಅನ್ನಿಸಿ, ಆಮೇಲಷ್ಟೇ ‘ಕೊನೆಗೆ ಎಷ್ಟಕ್ಕೆ ಕೊಡ್ತೀಯಣ್ಣ?’ ಅನ್ನುವವರು. ಯಂತ್ರದ ಹತ್ತಿರ ಚೌಕಾಸಿ ಹೇಗೆ? ಮಕ್ಕಳಿಗೆ ಕುತೂಹಲವೇ ಸುಖ ಎನ್ನುವವರಿದ್ದಾರೆ. ಇರಲಿ, ಸಿಂಹ ಬೇಕೆಂದ ಕೂಸಿಗೆ ಮೂರನೇ ಸಲವೂ ಆಮೆಯೇ ಬಂದರೆ ಆ ರಂಪ ಯಾರು ಸುಧಾರಿಸಬೇಕು? ಅಂಗಡಿಯವನಾದರೆ ಗೊಣಗುತ್ತಲೇ ಬದಲಿಸಿಯಾನು. ಅದೂ ಅಲ್ಲದೆ, ಗ್ರಹಚಾರ ಕೆಟ್ಟಿದೆಯೆಂದೇ ಎಳ್ಳುಬತ್ತಿ ಹಚ್ಚಿ ಬಂದವರಿಗೆ ಗುಡಿ ಬಾಗಿಲಲ್ಲೇ ಇನ್ನೊಂದು ಅದೃಷ್ಟಪರೀಕ್ಷೆ ಬೇಕೆ?