ಜಂಟಿ ಸಾಲ ಬಿಚ್ಚುವ ವಿಧಾನ: ಬಳಕೆದಾರರ ಕೈಪಿಡಿ

ಈ ಉತ್ಪನ್ನ ಮದುವೆಯ ಜೊತೆಗೆ ಬರುತ್ತದೆ. ಜೋಡಿಸಲು ಎರಡು ಸಹಿ ಸಾಕು. ಬಿಚ್ಚುವ ಮುನ್ನ ಗಂಡ ಹೆಂಡತಿ ಇಬ್ಬರೂ ಕೈಪಿಡಿಯನ್ನು ಪೂರ್ತಿ ಓದತಕ್ಕದ್ದು; ಒಟ್ಟಿಗೆ ಕೂತು ಓದಬೇಕೆಂದೇನಿಲ್ಲ.

ಪೆಟ್ಟಿಗೆಯಲ್ಲಿ ಏನೇನಿದೆ

ಇಬ್ಬರ ಹೆಸರಲ್ಲೂ ಇರುವ 20 ವರ್ಷದ ಗೃಹಸಾಲ. ಗಂಡನ ಕ್ರೆಡಿಟ್ ಕಾರ್ಡು, ಅದರ ಬಾಲದಂತೆ ಹೆಂಡತಿಯ ಆ್ಯಡ್‌ಆನ್ ಕಾರ್ಡು. ನಾದಿನಿಯ ಮದುವೆಗೆಂದು ಸೊಸೈಟಿಯಲ್ಲಿ ಅಡವಿಟ್ಟ ಹೆಂಡತಿಯ ಬಳೆಗಳ ರಸೀದಿ. ಸೋದರಮಾವ ಕೊಟ್ಟ ಕೈಸಾಲ: ಇದಕ್ಕೆ ಪತ್ರವಿಲ್ಲ, ನೆನಪು ಮಾತ್ರ, ಅದೂ ಮಾವನಿಗಷ್ಟೇ.

ಬಳೆಗಳನ್ನು ಮೊದಲು ಬೇರೆ ತೆಗೆದಿಡಿ. ಸ್ತ್ರೀಧನ ಹೆಂಡತಿಯದೇ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1985ರಲ್ಲೇ, ಪ್ರತಿಭಾ ರಾಣಿ ಪ್ರಕರಣದಲ್ಲಿ ಹೇಳಿದೆ. ಅಡವು ಬಿಡಿಸಿಕೊಟ್ಟು ಅದನ್ನೇ ಜೀವನಾಂಶದ ಖಾತೆಗೆ ಬರೆಯಲು ಹೋಗಬೇಡಿ.

ಅರ್ಧರ್ಧ ಗುಂಡಿ

ಹುಡುಕಬೇಡಿ. ಗೋವಾದಂಥ ಕಡೆ ಬಿಟ್ಟರೆ ನಮ್ಮಲ್ಲಿ ಗಂಡ ಹೆಂಡತಿಯ ಆಸ್ತಿಯನ್ನೆಲ್ಲ ಸಮಪಾಲು ಮಾಡುವ ಕಾನೂನಿಲ್ಲ. ಬದಲಿಗೆ ಒಂದು ಪ್ರಮಾಣಪತ್ರ ಕೊಟ್ಟಿದೆ. ಜೀವನಾಂಶ ಕೇಳುವವರೂ ಕೊಡುವವರೂ ಆದಾಯ, ಆಸ್ತಿ, ಸಾಲ ಎಲ್ಲವನ್ನೂ ಅದರಲ್ಲಿ ತುಂಬಬೇಕು ಎಂದು 2020ರ ನವೆಂಬರಿನಲ್ಲಿ, ರಜನೀಶ್–ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ತುಂಬುವಾಗ ಕೆಲವು ವಿಚಿತ್ರಗಳು ಕಂಡಾವು. ಹೆಣ್ಣು ನೋಡಲು ಬಂದಾಗ ಎರಡು ಲಕ್ಷವಿದ್ದ ಸಂಬಳ ಎಪ್ಪತ್ತು ಸಾವಿರಕ್ಕೆ ಇಳಿದಿರುತ್ತದೆ. ಜಾತಕದ ಹಿಂದೆ ಪಿನ್ ಮಾಡಿದ ಬಯೋಡೇಟಾದಲ್ಲಿ ಇಂಜಿನಿಯರ್ ಆಗಿದ್ದವಳು ಇಲ್ಲಿ ಬರೀ ಗೃಹಿಣಿ. ಇದು ಉತ್ಪನ್ನದ ದೋಷವಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್ ಲಗತ್ತಿಸಿದರೆ ವಾಸಿಯಾಗುತ್ತದೆ.

ಎಚ್ಚರಿಕೆ: ಜೀವನಾಂಶ ತಗ್ಗಿಸಲೆಂದು ಹೊಸ ಕಾರಿನ ಸಾಲ ಎತ್ತಬೇಡಿ. ನಿಜವಾದ ಹೊಣೆಗಳನ್ನು ಕೋರ್ಟು ನೋಡುತ್ತದೆ. ತಾನಾಗಿ ತಲೆಗೆ ಕಟ್ಟಿಕೊಂಡ ಕಂತುಗಳನ್ನು ಸಂಬಳದಿಂದ ಕಳೆಯಲು ಮಾತ್ರ ಸಾಮಾನ್ಯವಾಗಿ ಒಪ್ಪುವುದಿಲ್ಲ. ಜೀವನಾಂಶವೆಂದರೆ ನಿವ್ವಳ ಸಂಬಳದ 25% ಎಂಬ ಮಾತು 2017ರ ಒಂದು ತೀರ್ಪಿನಿಂದ ಬಂದದ್ದು. ಅದು ಎಲ್ಲರಿಗೂ ಹೊಲಿದ ಅಂಗಿಯಲ್ಲ.

ಮುಖ್ಯ ಭಾಗ: ಬ್ಯಾಂಕು

ಇಲ್ಲಿ ಕೈ ಸುಟ್ಟುಕೊಂಡವರೇ ಹೆಚ್ಚು. ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ಮಧ್ಯಸ್ಥಿಕೆಗೆ ಕೂತು, ಜೀವನಾಂಶಕ್ಕಾಗಿ ಐದು ಸಾವಿರ ಹೆಚ್ಚು ಕಡಿಮೆ ಎಂದು ಅರ್ಧ ದಿನ ಜಗ್ಗಾಡಿದವರು, ಐವತ್ತು ಲಕ್ಷದ ಸಾಲಕ್ಕೆ ಒಂದೇ ಸಾಲು ಬರೆಸಿ ಏಳುತ್ತಾರೆ: ‘ಗೃಹಸಾಲವನ್ನು ಪತಿಯೇ ತೀರಿಸತಕ್ಕದ್ದು.’ ಆ ಸಾಲಿಗೆ ಬ್ಯಾಂಕಿನ ಸಹಿ ಇಲ್ಲ. 1872ರ ಕರಾರು ಕಾಯ್ದೆಯ 43ನೇ ಕಲಮಿನ ಪ್ರಕಾರ ಜಂಟಿಯಾಗಿ ಮಾತು ಕೊಟ್ಟವರಲ್ಲಿ ಯಾರೊಬ್ಬರಿಂದಲಾದರೂ ಪೂರ್ತಿ ವಸೂಲಿ ಮಾಡಬಹುದು. ಡಿಕ್ರಿ ಬಂದು ವರ್ಷವಾದ ಮೇಲೆ, ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿಯುವ ಹೊತ್ತಿಗೆ ಫೋನು: ‘ಮೇಡಂ, ಮೂರು ಕಂತು ಬಾಕಿ. ಕೋ-ಅಪ್ಲಿಕೆಂಟ್ ನೀವೇ ಅಲ್ವಾ?’ ಡೈವೋರ್ಸ್ ಆಗಿದೆ ಎಂದರೆ, ‘ಹೌದಾ ಮೇಡಂ? ಯಾವಾಗ ಕಟ್ತೀರಿ?’ ಕಟ್ಟಿದ ಹಣವನ್ನು ಮಾಜಿ ಪತಿಯಿಂದ ವಸೂಲಿ ಮಾಡಲು ಕಾನೂನಿದೆ. ಅಷ್ಟರಲ್ಲಿ ಸಿಬಿಲ್ ಸ್ಕೋರು ಇಬ್ಬರದೂ ಕುಸಿದಿರುತ್ತದೆ.

ಆದ್ದರಿಂದ ಕ್ರಮ ಹೀಗಿರಲಿ. ಫ್ಲ್ಯಾಟು ಮಾರಿ ಸಾಲ ಚುಕ್ತಾ ಮಾಡಿ. ಇಲ್ಲವೇ ಉಳಿಸಿಕೊಳ್ಳುವವರು ಒಬ್ಬರೇ ಸಾಲ ಹೊರಬಲ್ಲರೆಂದು ಬ್ಯಾಂಕಿಗೆ ತೋರಿಸಿ, ಇನ್ನೊಬ್ಬರ ಹೆಸರು ತೆಗೆಸಿದ ಪತ್ರ ಕೈಗೆ ಬಂದ ಮೇಲೆ ಹಕ್ಕು ಬಿಡುಗಡೆ ಪತ್ರ ನೋಂದಾಯಿಸಿ. ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಆರು ತಿಂಗಳ ಕಾಯುವಿಕೆ ಇದೆಯಲ್ಲ, ಬ್ಯಾಂಕಿಗೆ ಅಲೆಯಲು ಅದು ಹೇಳಿ ಮಾಡಿಸಿದ ಕಾಲ. ಆ ಅವಧಿಯನ್ನು ಕೋರ್ಟು ಮನ್ನಾ ಮಾಡಬಹುದೆಂದು 2017ರಲ್ಲಿ ತೀರ್ಪಾದದ್ದು ಒಳ್ಳೆಯದೇ. ಆದರೆ ಗೃಹಸಾಲ ಹಾಗೇ ಇಟ್ಟುಕೊಂಡು ಮನ್ನಾಕ್ಕೆ ಅರ್ಜಿ ಹಾಕುವ ಅವಸರ ನನಗಂತೂ ಅರ್ಥವಾಗುವುದಿಲ್ಲ.

ಬಿಡಿ ಭಾಗಗಳು

ಆ್ಯಡ್‌ಆನ್ ಕಾರ್ಡನ್ನು ಇಂದೇ ಬಂದ್ ಮಾಡಿಸಿ. ಅದರ ಬಿಲ್ಲಿಗೆ ಮೂಲ ಕಾರ್ಡಿನವರೇ ಹೊಣೆ. ಜೀವನಾಂಶ ತಿಂಗಳಿಗೋ, ಇಡಿಗಂಟೋ ಎಂಬುದನ್ನು ಎದುರಿನವರ ಉದ್ಯೋಗ ಎಷ್ಟು ಗಟ್ಟಿ ಎಂದು ನೋಡಿ ತೀರ್ಮಾನಿಸಿ. ಇಡಿಗಂಟಾದರೆ ಕೊನೆಯ ಹಿಯರಿಂಗಿಗೆ ಡಿಡಿ ತರತಕ್ಕದ್ದು. ಡಿಡಿಯ ಮೇಲೆ ಪಡೆಯುವವರ ಪಾಸ್‌ಬುಕ್ಕಿನಲ್ಲಿರುವ ಹೆಸರೇ ಇರಲಿ, ಲಗ್ನಪತ್ರಿಕೆಯಲ್ಲಿ ಅಚ್ಚಾಗಿದ್ದದ್ದಲ್ಲ.