ದಂಪತಿಸಂಚಾರ ಮೀಮಾಂಸೆ

ದಂಪತಿಸಂಚಾರವೆಂದರೆ ಮದುವೆಯಾದ ಇಬ್ಬರು ಬೆಳಗ್ಗೆ ಕಾರಿನಲ್ಲಿ ಹೊರಟು, ನೋಡತಕ್ಕದ್ದನ್ನು ನೋಡಿ, ಕಾಣತಕ್ಕವರನ್ನು ಕಂಡು, ಕತ್ತಲಾಗುವಾಗ ಡೇರೆ ಸೇರುವ ಕ್ರಿಯೆ. ಪ್ರೇಕ್ಷಣ, ಬಾಂಧವ್ಯ, ಶಿಬಿರ ಎಂಬ ಮೂರು ಇದರ ಅಂಗಗಳು. ಮೊದಲನೆಯದೂ ಕೊನೆಯದೂ ಸಂಕಲ್ಪದಿಂದ ನಡೆಯುತ್ತವೆ. ನಡುವಿನದು ಸಂಕಲ್ಪವಿಲ್ಲದೆಯೂ ನಡೆಯುತ್ತದೆ. ಈ ಶಾಸ್ತ್ರದ ಅಭ್ಯಾಸಕ್ಕೆ ಬೆಂಗಳೂರಿನಿಂದ ಹಾಸನದ ಮೇಲೆ ಚಿಕ್ಕಮಗಳೂರಿಗೆ ಹೋಗುವ ದಾರಿಯೇ ಪ್ರಶಸ್ತ. ಇಲ್ಲಿ ಶಿಲ್ಪಗಳೂ ಸೋದರತ್ತೆಯರೂ ಹೆಚ್ಚುಕಡಿಮೆ ಸಮವಾಗಿ ಹಂಚಿಹೋಗಿದ್ದಾರೆ.

‘ಐದಕ್ಕೆ ಬಿಟ್ಟುಬಿಡೋಣ’ ಎಂಬುದು ಹಿಂದಿನ ರಾತ್ರಿ ಉಚ್ಚರಿಸುವ ಮಂಗಳವಾಕ್ಯ, ಅದಕ್ಕೆ ವಾಚ್ಯಾರ್ಥವಿಲ್ಲ. ನಿರ್ಗಮನ ಏಳೂವರೆಗೆ. ಗ್ಯಾಸ್ ಆಫ್ ಮಾಡಿದ್ದೇವೆಯೇ ಎಂಬ ಸಂಶಯ ಹುಟ್ಟುವುದು ನೆಲಮಂಗಲದ ಟೋಲ್ ದಾಟಿದ ಮೇಲೆಯೇ.

ಮೊದಲ ಪ್ರೇಕ್ಷಣೀಯ ಸ್ಥಾನ ಶ್ರವಣಬೆಳಗೊಳ. ಹತ್ತನೆಯ ಶತಮಾನದ ಕೊನೆಯಲ್ಲಿ ಗಂಗರ ಮಂತ್ರಿ ಚಾವುಂಡರಾಯ ಕಡೆಸಿದ ಗೊಮ್ಮಟನ ಎತ್ತರ ಸುಮಾರು 58 ಅಡಿ. ಅವನ ಪಾದ ಮುಟ್ಟಲು ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಲ್ಲಿ ಹತ್ತಬೇಕು. ಅಣ್ಣನನ್ನು ಗೆದ್ದೂ ರಾಜ್ಯವನ್ನೂ ಬಂಧುಬಳಗವನ್ನೂ ಬಿಟ್ಟು ನಿಂತವನು ಬಾಹುಬಲಿ. ಈ ಇಡೀ ದಾರಿಯಲ್ಲಿ ನೆಂಟರ ಕಾಟವಿಲ್ಲದವನು ಅವನೊಬ್ಬನೇ ಎಂದು ಕೆಲವರ ಮತ. ಆದರೆ ಅವನ ಕಾಲಿಗೂ ಬಳ್ಳಿ ಸುತ್ತಿಕೊಂಡಿರುವುದನ್ನು ಆ ಮತದವರು ಗಮನಿಸಿದಂತಿಲ್ಲ. ದಂಪತಿಗಳಾದರೋ ಬೆಟ್ಟ ಇಳಿದವರೇ ಫೋಟೋವನ್ನು ಸ್ಟೇಟಸ್‌ಗೆ ಹಾಕುತ್ತಾರೆ. ಬಾಂಧವ್ಯಾಂಗ ಆರಂಭವಾಗುವುದು ಈ ಕ್ಷಣದಲ್ಲಿ.

ಹತ್ತು ನಿಮಿಷದೊಳಗೆ ಚನ್ನರಾಯಪಟ್ಟಣದಿಂದ ಗಂಡನ ಸೋದರತ್ತೆಯ ಕರೆ ಬರುತ್ತದೆ: ‘ಬೆಳಗೊಳಕ್ಕೆ ಬಂದಿದ್ದೀರಂತೆ. ನಾವೇನು ಸತ್ತೋಗಿದ್ದೀವಾ?’ ಈ ಪ್ರಶ್ನೆಗೆ ಉತ್ತರ ಅಪೇಕ್ಷಿತವಲ್ಲ, ಕಾರು ಅಪೇಕ್ಷಿತ. ‘ಐದೇ ನಿಮಿಷ, ಬರೀ ಕಾಫಿ’ ಎಂಬ ಕರಾರಿನ ಮೇಲೆ ಒಳಹೊಕ್ಕವರಿಗೆ ಎಲೆ ಹಾಕಿರುತ್ತದೆ. ಗಂಡನ ಕಡೆಯ ಒಂದು ಮನೆಗೆ ಹೋದ ಮೇಲೆ ಹೆಂಡತಿಯ ಕಡೆಯ ಒಂದು ಮನೆಗೆ ಹೋಗಲೇಬೇಕು ಎಂಬುದು ಸಮತೂಕದ ನಿಯಮ. ಆದ್ದರಿಂದ ಹಾಸನದ ದೊಡ್ಡಮ್ಮ. ಅಲ್ಲಿ ಮತ್ತೊಂದು ಊಟ. ‘ಈಗ ತಾನೇ ಆಯ್ತು ದೊಡ್ಡಮ್ಮ’ ಎನ್ನುವುದು ಅಪಾಯಕರ, ಏಕೆಂದರೆ ‘ಅವರ ಮನೇಲಾದ್ರೆ ಆಗುತ್ತೆ’ ಎಂಬ ವಾಕ್ಯ ಸಿದ್ಧವಾಗಿಯೇ ಇರುತ್ತದೆ. ‘ಇನ್ನೂ ಎರಡೇ ಜನಾನಾ?’ ಎಂಬ ಪ್ರಶ್ನೆ ಎರಡೂ ಮನೆಗಳಲ್ಲಿ ಪಾಯಸದ ಜೊತೆಗೇ ಬರುತ್ತದೆ, ಪಾಠಾಂತರಗಳು ಕಂಡುಬಂದಿಲ್ಲ.

ಬಾಂಧವ್ಯದ ಭೌತಿಕ ಪರಿಣಾಮ ಗೋಚರಿಸುವುದು ಡಿಕ್ಕಿಯಲ್ಲಿ. ಚನ್ನರಾಯಪಟ್ಟಣ ತೆಂಗಿನ ಸೀಮೆ, ಹಾಸನ ಆಲೂಗಡ್ಡೆಯ ಸೀಮೆ. ಅರಿಸಿನ ಕುಂಕುಮ, ರವಿಕೆ ಬಟ್ಟೆಗಳ ಹಿಂದೆ ಆರು ತೆಂಗಿನಕಾಯಿ, ಅರ್ಧ ಮೂಟೆ ಆಲೂಗಡ್ಡೆ ಹತ್ತುತ್ತವೆ. ಡೇರೆ ಹಿಂದಿನ ಸೀಟಿಗೆ ಗಡೀಪಾರಾಗುತ್ತದೆ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಯೆಮೆನ್‌ನಿಂದ ಇದೇ ಚಿಕ್ಕಮಗಳೂರಿನ ಗಿರಿಗೆ ಏಳೇ ಕಾಫಿ ಬೀಜ ತಂದನೆಂಬುದು ಐತಿಹ್ಯ. ದಾರಿಯಲ್ಲಿ ಅವನಿಗೆ ನೆಂಟರಿರಲಿಲ್ಲ ಎನ್ನಲು ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಬೇಲೂರು ತಲುಪುವಾಗ ಸಂಜೆ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದ, 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಚೆನ್ನಕೇಶವ ದೇವಾಲಯಕ್ಕೆ ಉಳಿದಿರುವುದು ಇಪ್ಪತ್ತೈದು ನಿಮಿಷ. ದರ್ಪಣಸುಂದರಿ ನೂರಾರು ವರ್ಷಗಳಿಂದ ಕನ್ನಡಿ ನೋಡುತ್ತಿದ್ದಾಳೆ, ಅವಳಿಗೆ ಅವಸರವಿಲ್ಲ. ಇಲ್ಲಿನ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ಹೊಸ್ತಿಲ ಮೇಲೆ ನಿಂತ ದೊಡ್ಡಮ್ಮ ಹೇಳುವ ‘ಇವತ್ತು ಉಳ್ಕೊಂಡು ಹೋಗಿ’ ಎಂಬ ಮಾತೂ ಇದೇ ಜಾತಿಯದು. ಹದಿನಾರು ಕಿಲೋಮೀಟರ್ ಆಚೆಗಿನ ಹಳೇಬೀಡು ‘ಮುಂದಿನ ಸಲ’ಕ್ಕೆ ಹೋಗುತ್ತದೆ. ಮುಂದಿನ ಸಲ ಅರಸೀಕೆರೆಯ ಚಿಕ್ಕಪ್ಪ ಇರುತ್ತಾರೆ.

ಶಿಬಿರಾಂಗ ಚಿಕ್ಕಮಗಳೂರಿನ ಆಚೆ, ಬಾಡಿಗೆಗೆ ಸಿಕ್ಕ ಕಾಫಿತೋಟದ ಅಂಚಿನಲ್ಲಿ. ಡೇರೆಯನ್ನು ಒಬ್ಬರು ಕಟ್ಟುವುದು, ಇನ್ನೊಬ್ಬರು ಹಾಗಲ್ಲ ಎನ್ನುವುದು ರೂಢಿ. ಗೂಟಗಳ ಚೀಲ ಆಲೂಗಡ್ಡೆಗೆ ಜಾಗ ಮಾಡುವಾಗ ಹಾಸನದ ಜಗಲಿಯಲ್ಲೇ ಉಳಿದಿರುವುದರಿಂದ ನಾಲ್ಕು ಮೂಲೆಗೆ ನಾಲ್ಕು ತೆಂಗಿನಕಾಯಿ ಕಟ್ಟಲಾಗುತ್ತದೆ. ಗಿರಿಯ ಗಾಳಿಗೆ ಅವು ಜಗ್ಗುವುದಿಲ್ಲ. ಆಲೂಗಡ್ಡೆ ಕೆಂಡದಲ್ಲಿ ಸುಡುತ್ತದೆ. ರಾತ್ರಿ ಎರಡಕ್ಕೆ, ಬಾಡಿಗೆಯ ಮಲಗುಚೀಲ ಚಳಿಗೆ ಸಾಲದೆ ಡಿಕ್ಕಿ ತೆರೆದಾಗ, ಮೂಟೆಯ ಅಡಿಯಲ್ಲಿ ಮಡಿಸಿಟ್ಟ ಕಂಬಳಿಯೊಂದು ಸಿಗುತ್ತದೆ. ಅದನ್ನು ಇಟ್ಟದ್ದು ಸೋದರತ್ತೆಯೋ ದೊಡ್ಡಮ್ಮನೋ ಎಂಬ ವಾದ, ಅದರೊಳಗೇ ಮಲಗಿ, ಬೆಳಗಿನ ತನಕ ನಡೆಯುತ್ತದೆ.